ಸದ್ದಿಲ್ಲದ ಪೆಟ್ಟಿಗೆ

ನನ್ನ ತಮ್ಮ ಕೆಟ್ಟವನಲ್ಲ ಎಂದು ಮನೆಗೆ ಬಂದವರೆಲ್ಲ ಹೇಳುತ್ತಾರೆ. ಹೇಳಲಿ. ಕೆಟ್ಟವರು ಬಂದರೆ ಬಾಗಿಲು ಹಾಕಿಕೊಳ್ಳಬಹುದು. ಒಳ್ಳೆಯದು ಮಾಡುತ್ತೇನೆಂದು ತೋಳೇರಿಸಿಕೊಂಡು ಒಳಗೇ ಕೂತವನನ್ನು ಏನು ಮಾಡುವುದು? ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆದರೆ ಅವನ ಪರವಾಗಿ ನಾಲ್ಕು ಮಾತು ಸೇರಿಸಿಬಿಡುತ್ತೇನೆ. ಅಕ್ಕಂದಿರ ಹಣೆಬರಹವೇ ಅಷ್ಟು.

ಅಪ್ಪ ಸಿನಿಮಾ ಶೂಟಿಂಗ್‌ಗಳಲ್ಲಿ ಸೌಂಡ್ ರೆಕಾರ್ಡ್ ಮಾಡುತ್ತಿದ್ದವರು. ಒಂದು ಕೋಣೆಯಲ್ಲಿ ಮಾತಿನ ದೃಶ್ಯ ಮುಗಿದು ಎಲ್ಲರೂ ಊಟಕ್ಕೆ ಓಡುವ ಆತುರದಲ್ಲಿರುವಾಗ ಅಪ್ಪ ಕೈ ಎತ್ತಿ, "ಒಂದ್ನಿಮಿಷ, ಎಲ್ರೂ ಸುಮ್ನಿರಿ" ಎನ್ನುತ್ತಿದ್ದರು. ನಾಯಕ, ನಾಯಕಿ, ಲೈಟಿನವರು, ಟೀ ಹಿಡಿದು ಬಂದವನು, ಎಲ್ಲರೂ ನಿಂತಲ್ಲೇ ಕಂಬವಾಗಬೇಕು. ಆಗ ಅಪ್ಪ ಆ ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡುತ್ತಿದ್ದರು. ಖಾಲಿ ಕೋಣೆಗೆ ಎಂಥ ಸದ್ದು ಎಂದು ಕೇಳಬೇಡಿ. ಮರದ ಕಪಾಟು ಇರುವ ಕೋಣೆಯೇ ಬೇರೆ, ಬರೀ ಸಿಮೆಂಟಿನ ಕೋಣೆಯೇ ಬೇರೆ. ಮಾತಿನ ನಡುವೆ ಕತ್ತರಿಸಿದ ಜಾಗಗಳಿಗೆಲ್ಲ ಎಡಿಟಿಂಗ್‌ನಲ್ಲಿ ಈ ಸದ್ದನ್ನು ತುಂಬುತ್ತಾರೆ. ತುಂಬದಿದ್ದರೆ ನೋಡುವವರಿಗೆ ಯಾರೋ ತಮ್ಮ ಕಿವಿ ಮುಚ್ಚಿ ತೆರೆದಂತಾಗುತ್ತದೆ. ಜೊತೆಯವರು ಅಪ್ಪನಿಗೆ 'ಸುಮ್ನಿರಿ ಸಾರ್' ಎಂದೇ ಹೆಸರಿಟ್ಟಿದ್ದರು. ಬೆನ್ನ ಹಿಂದೆಯಲ್ಲ, ಮುಖದೆದುರೇ ಹಾಗೆ ಕರೆಯುತ್ತಿದ್ದರು.

ಸಿನಿಮಾ ಮುಗಿದ ಮೇಲೆ ಉಳಿದವರು ಈ ಖಾಲಿ ಕೋಣೆಯ ಸದ್ದನ್ನು ಎಸೆಯುತ್ತಾರೆ. ಅಪ್ಪ ಒಂದನ್ನೂ ಎಸೆಯಲಿಲ್ಲ. ಆಸ್ಪತ್ರೆಯ ಹಿಂದಿನ ಓಣಿ, ಬೀಗ ಹಾಕಿದ ಗ್ರಂಥಾಲಯ, ಮದುವೆ ಮುಗಿದು ಎಲ್ಲರೂ ಹೋದ ಮೇಲಿನ ಛತ್ರ, ಪ್ರತಿಯೊಂದೂ ಹೆಸರು ಹಾಕಿಸಿಕೊಂಡು ಮನೆಗೆ ಬಂತು. ಅಮ್ಮ ಇದ್ದಾಗ ನಗುತ್ತಿದ್ದಳು. "ಬೇರೆಯವರ ಮನೆ ಗಂಡಸರು ಏನಾದ್ರೂ ದುಡಿದು ತರ್ತಾರೆ. ನಿಮ್ಮಪ್ಪ ಏನೂ ಇಲ್ಲದ್ದನ್ನ ಚೀಲದಲ್ಲಿ ತುಂಬಿಕೊಂಡು ಬರ್ತಾರೆ" ಎನ್ನುತ್ತಿದ್ದಳು. ಅಪ್ಪ ಮಾತ್ರ ಆ ಫೈಲ್‌ಗಳಲ್ಲಿ ಒಂದನ್ನು ಹಾಕಿದರೆ ಅರ್ಧ ಕ್ಷಣದಲ್ಲಿ ಕೋಣೆಯನ್ನು ಗುರುತು ಹಿಡಿಯುತ್ತಿದ್ದರು. "ಇದು ಆ ಶಾಲೆ ಕೋಣೆ. ಕಿಟಕಿ ಹೊರಗೆ ಬಿದಿರು ಇತ್ತು" ಎನ್ನುತ್ತಿದ್ದರು. ನಾನೂ ಅದೇ ಕಸುಬಿಗೆ ಬಂದವಳು. ಆದರೂ ನನಗೆ ಆ ಬಿದಿರು ಕೇಳಿಸಲು ಎಷ್ಟೋ ವರ್ಷ ಹಿಡಿಯಿತು.

ಈಚೆಗೆ ಅಪ್ಪನ ಕಿವಿ ಮಂದವಾಗುತ್ತ ಬಂತು. ಮಾತಿಗೆ ಕಿವಿಯ ಯಂತ್ರ ಹಾಕಿಕೊಳ್ಳುತ್ತಿದ್ದರು. ಯಂತ್ರ ತೆಗೆದು, ದೊಡ್ಡ ಹೆಡ್‌ಫೋನ್ ಹಾಕಿ, ಸ್ವಲ್ಪ ಜೋರು ಮಾಡಿಕೊಂಡರೆ ಸಣ್ಣ ಸದ್ದೂ ಇನ್ನೂ ಕೇಳುತ್ತಿತ್ತು. ಆದರೆ ಇದು ಹೆಚ್ಚು ದಿನ ಉಳಿಯುವುದಿಲ್ಲ, ಮೊದಲು ಹೋಗುವುದು ಸಣ್ಣ ಸದ್ದೇ ಎಂದು ಕಿವಿಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಅಪ್ಪ ಮನೆಗೆ ಬಂದು ಷರ್ಟು ಕೂಡ ಬದಲಿಸದೆ ಕುರ್ಚಿಯಲ್ಲಿ ಕೂತು, "ಹೋಗೋದ್ರೊಳಗೆ ಎಲ್ಲಾ ಒಂದ್ಸಲ ಕೇಳಿಬಿಡ್ತೀನಿ. ಮೊದಲನೇದರಿಂದ" ಎಂದರು. ಅವರು ನಮ್ಮಿಂದ ಏನನ್ನಾದರೂ ಬೇಡಿದ್ದು ಅದೊಂದೇ.

ತೊಂದರೆ ಇದ್ದದ್ದು ಹಳೆಯ ಕಂಪ್ಯೂಟರಿನಲ್ಲಿ. ಅಪ್ಪನ ಮೇಜಿನ ಕೆಳಗೆ ನಾಲ್ಕು ಡಿಸ್ಕ್ ತುಂಬಿಕೊಂಡು ಕೂತಿದ್ದ ಅದು ಮಿಕ್ಸಿಯಂತೆ ಗುರುಗುಟ್ಟುತ್ತಿತ್ತು. ಖಾಲಿ ಕೋಣೆಯ ಸದ್ದು ಕೇಳಬೇಕಾದವರ ಕಾಲ ಬಳಿ ಮಿಕ್ಸಿ ಇಟ್ಟರೆ ಹೇಗೆ? ಹೊಸದು ಕಟ್ಟಬೇಕು, ಅದು ಉಸಿರೆತ್ತಬಾರದು ಎಂದು ತೀರ್ಮಾನವಾಯಿತು.

ಇಲ್ಲಿ ನನ್ನ ತಮ್ಮ ತೋಳೇರಿಸಿದ. ದೊಡ್ಡ ದೊಡ್ಡ ಕಟ್ಟಡಗಳ ಕರೆಂಟು ಖರ್ಚು ಇಳಿಸಿಕೊಡುವುದು ಅವನ ನೌಕರಿ. ಯಾವ ಲೈಟು ಸುಮ್ಮನೆ ಉರಿಯುತ್ತಿದೆ, ಯಾವ ಪಂಪು ಬೇಡದ ಹೊತ್ತಿನಲ್ಲಿ ಓಡುತ್ತಿದೆ ಎಂದು ಹುಡುಕುತ್ತಾನೆ. ಮನೆಯಲ್ಲೂ ಅದೇ ಚಾಳಿ. ಯಾರಾದರೂ ಬಚ್ಚಲಿನಿಂದ ಹೊರಗೆ ಕಾಲಿಡುವ ಮೊದಲೇ ಇವನು ಸ್ವಿಚ್ ಆರಿಸಿರುತ್ತಾನೆ. ಅವನೂ ಅವನ ಹೆಂಡತಿಯೂ ಅಪ್ಪನ ಜೊತೆಗಿದ್ದಾರೆ. ನಾನು ಎರಡು ಬೀದಿ ಆಚೆ.

ಆ ಸಂಜೆಗಳು ಚೆನ್ನಾಗಿದ್ದವು ಎಂಬುದೇ ನನಗೆ ಈಗ ಹೆಚ್ಚು ಉರಿ ಹತ್ತಿಸುವ ವಿಷಯ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಪ್ಪ, ತಮ್ಮ, ನಾನು ಮೂವರೂ ಮದುವೆಗೆ ಹೆಣ್ಣು ಹುಡುಕುವವರಂತೆ ಒಂದೊಂದೇ ಬಿಡಿಭಾಗ ಆರಿಸಿದೆವು.

"ಫ್ಯಾನೇ ಇಲ್ಲದ ಬೋರ್ಡ್ ಬರುತ್ತೆ ಅಕ್ಕ" ಎಂದ ತಮ್ಮ. "ಹೊರಗಿನ ಲೋಹದ ಮೈಯೇ ಶಾಖ ಬಿಡುತ್ತೆ. ಒಂದು ಬಲ್ಬಿನಷ್ಟೂ ಕರೆಂಟ್ ತಿನ್ನಲ್ಲ."

"ಡಿಸ್ಕ್ ತಿರುಗೋ ಸದ್ದಿಗೆ ಏನು ಮಾಡ್ತೀಯಾ?"

"ನಿಧಾನಕ್ಕೆ ತಿರುಗೋದು ಹಾಕೋಣ. ಕೆಲಸ ಇಲ್ಲದಾಗ ಅದೇ ಮಲಗುತ್ತೆ."

"ಸ್ಕ್ರೂ ಹಾಕಿ ಬಿಗೀಬೇಡ. ಡಿಸ್ಕಿನ ಅದುರು ಪೆಟ್ಟಿಗೆಗೆ ಬರುತ್ತೆ. ರಬ್ಬರ್ ಮೇಲೆ ಕೂರಿಸು" ಎಂದೆ ನಾನು.

ಅಪ್ಪ ಕುರ್ಚಿಯಿಂದಲೇ ಬಾಯಿ ಹಾಕಿದರು. "ಪೆಟ್ಟಿಗೇನ ಗೋಡೆಗೆ ತಾಗಿಸಿ ಇಡಬೇಡಿ. ಗೋಡೆ ಚಾಡಿ ಹೇಳುತ್ತೆ."

ನಾವು ನಕ್ಕೆವು. ಪೆಟ್ಟಿಗೆಯನ್ನು ನಡುಮನೆಯ ಗೋಡೆಗೂಡಿನೊಳಗೆ, ದಪ್ಪ ಸ್ಪಂಜಿನ ಮೇಲೆ ಇಡುವುದೆಂದು ಗೊತ್ತುಮಾಡಿದೆವು. ಅಪ್ಪನ ಕೋಣೆಗೆ ಬರೀ ಒಂದು ವೈರು, ಅದರ ತುದಿಗೆ ಸದ್ದು ಮಾಡದ ಲ್ಯಾಪ್‌ಟಾಪ್. ಆಮೇಲೆ ಡಿಸ್ಕ್ ಎಷ್ಟು ಎಂಬ ಚರ್ಚೆ ಬಂತು. ನಾಲ್ಕು ಡಿಸ್ಕ್ ಎಂದರೆ ನಾಲ್ಕರ ಸದ್ದು, ನಾಲ್ಕರ ಕರೆಂಟು. ಫೈಲ್‌ಗಳನ್ನು ಒತ್ತಿ ಸಣ್ಣದು ಮಾಡಿದರೆ ಎರಡು ಸಾಕು, ಅದರಲ್ಲೂ ಒಂದು ಇನ್ನೊಂದರ ನಕಲು ಎಂದು ತಮ್ಮ ಹಟ ಹಿಡಿದ. ನಾನು ಒಪ್ಪಿದೆ. ಒಂದು ಕೂದಲೆಳೆಯೂ ಕಳೆಯದಂತೆ ಸೌಂಡ್ ಫೈಲ್ ಒತ್ತುವ ವಿಧಾನ ಇದೆ; ಯಾವುದೆಂದು ತೋರಿಸಿಯೂ ಕೊಟ್ಟೆ. ಅಷ್ಟರಲ್ಲಿ ನನಗೆ ಹೊರಗಡೆ ಶೂಟಿಂಗ್ ಬಂತು. ಹೊರಡುವಾಗ ಬಾಗಿಲಲ್ಲಿ ನಿಂತು ಬೆರಳು ತೋರಿಸಿ ಹೇಳಿದೆ.

"ನಾನು ಬಂದು ಕಿವಿಯಾರೆ ಕೇಳೋವರೆಗೂ ಹಳೇ ಡಿಸ್ಕ್ ಮುಟ್ಟಬೇಡ. ಅರ್ಥ ಆಯ್ತಾ?"

"ಆಯ್ತು ಮಾರಾಯ್ತಿ, ಎಷ್ಟು ಸಲ ಹೇಳ್ತೀಯಾ" ಎಂದ.

ನಾವಿದ್ದ ಜಾಗ ಬೆಟ್ಟದ ಮೇಲೆ. ಫೋನು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಒಂದು ದಿನ ತಮ್ಮನ ದನಿ ತುಂಡುತುಂಡಾಗಿ ಬಂತು. "ಅಪ್ಪಂಗೆ ಕಿವಿ ಹೋದ ಹಾಗಿದೆ ಅಕ್ಕ. ಹೆಡ್‌ಫೋನ್ ಹಾಕಿದ್ರೂ ನಿನ್ನೆಯಿಂದ ಏನೂ ಕೇಳ್ತಿಲ್ವಂತೆ. ನೀನು ಗಾಬರಿಯಾಗಿ ಓಡಿ ಬರಬೇಡ, ಕೆಲಸ ಮುಗಿಸಿಕೊಂಡೇ ಬಾ." ನಾನು ಲಾಡ್ಜಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅಪ್ಪ ಒಂದು ಸಲವೂ ಪೂರ್ತಿ ಕೇಳಲಿಲ್ಲವಲ್ಲ, ಎಲ್ಲ ಸಿದ್ಧವಾದ ಹೊತ್ತಿಗೇ ಹೋಯಿತಲ್ಲ ಎಂದು ಹಲುಬಿದೆ. ತಮ್ಮ ಪಾಪ ಒಬ್ಬನೇ ಎಲ್ಲ ಸಂಭಾಳಿಸುತ್ತಿದ್ದಾನೆ ಎಂದುಕೊಂಡೆ. ಆ 'ಪಾಪ'ವನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಕೆಲಸ ಮುಗಿದದ್ದೇ ಮನೆಗೂ ಹೋಗದೆ, ರೆಕಾರ್ಡರ್ ಚೀಲ ಹೆಗಲಿಗೆ ಹಾಕಿಕೊಂಡೇ ಅಪ್ಪನಲ್ಲಿಗೆ ಹೋದೆ. ಮಧ್ಯಾಹ್ನ. ತಮ್ಮನ ಹೆಂಡತಿ ಬಾಗಿಲು ತೆರೆದಳು. ಮಾತಾಡುವ ಮೊದಲೇ ಅವಳ ಕಣ್ಣು ನೆಲ ನೋಡುತ್ತಿತ್ತು.

ಅಪ್ಪ ಕಿಟಕಿಯ ಬಳಿ ಕೂತಿದ್ದರು. ಕಿವಿಯ ಯಂತ್ರ ಹಾಕಿರಲಿಲ್ಲ. ನಾನು ಹತ್ತಿರ ಹೋಗಿ ಭುಜ ಮುಟ್ಟಿದ ಮೇಲೆ ತಿರುಗಿದರು. ನಕ್ಕರು, ಆದರೆ ಬೇರೆಯವರ ಮನೆಯಲ್ಲಿ ಕೂತವರು ನಗುವ ಹಾಗೆ. "ಮೈಕ್ ಎಲ್ಲಾ ಕೊಟ್ಬಿಟ್ಟೆ ಕಣಮ್ಮ" ಎಂದರು, ತಮಗೇ ಕೇಳದ್ದರಿಂದ ಬೇಕಾದ್ದಕ್ಕಿಂತ ಜೋರಾಗಿ. "ಸೌಂಡ್ ಕಲಿಸೋ ಶಾಲೆಯವರು ತುಂಬಾ ದಿನದಿಂದ ಕೇಳ್ತಿದ್ರು. ಇನ್ನು ನನಗ್ಯಾಕೆ."

ಮೈಕುಗಳನ್ನು ಇಟ್ಟಿದ್ದ ಕಪಾಟು ಖಾಲಿಯಾಗಿ ಬಾಯಿ ತೆರೆದುಕೊಂಡಿತ್ತು. ಡಾಕ್ಟರ ಹತ್ತಿರ ಮತ್ತೆ ಹೋಗಬೇಕಿದ್ದ ದಿನ ಅಪ್ಪ ಹೋಗಲಿಲ್ಲವಂತೆ. ಯಂತ್ರವನ್ನೂ ತೆಗೆದಿಟ್ಟರಂತೆ. "ಬರೀ ಮಾತು ಕೇಳೋಕೆ ಇಷ್ಟೆಲ್ಲಾ ಒದ್ದಾಟ ಯಾಕೆ" ಅಂದರಂತೆ. ಇದನ್ನೆಲ್ಲ ತಮ್ಮನ ಹೆಂಡತಿ ಹಿಂದಿನಿಂದ ಪಿಸುಗುಟ್ಟುತ್ತ ಹೇಳಿದಳು. ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ. ಆ ಮನೆಯಲ್ಲಿ ಅಪ್ಪನ ಬೆನ್ನ ಹಿಂದೆ ಏನು ಬೇಕಾದರೂ ಮಾತಾಡಬಹುದಿತ್ತು.

ನಾನು ಗೋಡೆಗೂಡು ತೆರೆದೆ. ಪೆಟ್ಟಿಗೆ ಬಹಳ ಚೆನ್ನಾಗಿತ್ತು. ಕಪ್ಪು ಲೋಹ, ಪುಸ್ತಕದಷ್ಟು ದಪ್ಪ, ಕೈ ಇಟ್ಟರೆ ಬೆಚ್ಚಗೆ. ಉಸಿರು ಬಿಗಿ ಹಿಡಿದು ಕಿವಿ ತಾಗಿಸಿದರೂ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಸುಬಿನವಳಾಗಿ ಹೇಳುತ್ತೇನೆ, ಅದಕ್ಕಿಂತ ಸದ್ದಿಲ್ಲದ ಯಂತ್ರವನ್ನು ನಾನು ನೋಡಿಲ್ಲ.

ಅಪ್ಪನ ಹೆಡ್‌ಫೋನ್ ಹಾಕಿಕೊಂಡು ಬಿದಿರಿದ್ದ ಆ ಶಾಲೆಯ ಕೋಣೆಯ ಫೈಲ್ ಹಚ್ಚಿದೆ. ಏನೂ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದೆ. ಏನೂ ಇಲ್ಲ. ಗ್ರಂಥಾಲಯ ಹಚ್ಚಿದೆ, ಛತ್ರ ಹಚ್ಚಿದೆ. ನನ್ನ ಕಿವಿ ಸರಿಯಾಗಿದೆ. ನನಗೂ ಏನೂ ಕೇಳಲಿಲ್ಲ.

ಆಗ ಪರದೆಯ ಮೇಲೆ ಸದ್ದಿನ ಮಟ್ಟ ತೋರಿಸುವ ಮೀಟರ್ ನೋಡಿದೆ. ಎಂಥ ನಿಶ್ಶಬ್ದದಲ್ಲಿ ರೆಕಾರ್ಡ್ ಮಾಡಿದರೂ ಮೀಟರಿನ ಪಟ್ಟಿ ಕೆಳಗಡೆ ಸ್ವಲ್ಪವಾದರೂ ಅಲುಗುತ್ತಿರುತ್ತದೆ. ಗಾಳಿ ಇರುವ ಕಡೆಯೆಲ್ಲ ಅಲುಗುತ್ತದೆ. ಇದು ಅಲುಗುತ್ತಲೇ ಇರಲಿಲ್ಲ. ಹೆಸರಿದೆ, ಉದ್ದವಿದೆ, ಒಳಗಡೆ ಅಚ್ಚ ಸೊನ್ನೆ. ನೂರಾರು ಕೋಣೆಗಳು, ಎಲ್ಲದರಲ್ಲೂ ಅದೇ ಸೊನ್ನೆ.

ತಮ್ಮ ಆಫೀಸಿನಿಂದ ಬರುವವರೆಗೆ ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದೆ. ಅವನು ಚಪ್ಪಲಿ ಬಿಡುವಾಗಲೇ ಕೇಳಿದೆ. "ಏನು ಮಾಡಿದೆ?"

ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಮೊದಲು ಸ್ವಲ್ಪ ಅತ್ತ ಇತ್ತ ಜಾರಿದ. ಆಮೇಲೆ ಹೇಳಿದ. ನಾನು ತೋರಿಸಿದ್ದ ವಿಧಾನ ನಿಧಾನ ಎಂದು ಬೇರೊಂದು ಸಾಫ್ಟ್‌ವೇರ್ ಹಿಡಿದಿದ್ದ. ಅದರಲ್ಲಿ 'ಹಿನ್ನೆಲೆಯ ಗದ್ದಲ ತೆಗೆ' ಎಂಬ ಒಂದು ಆಯ್ಕೆ. ಅದಕ್ಕೆ ಟಿಕ್ ಹಾಕಿದ. ಒಂದು ಮಟ್ಟಕ್ಕಿಂತ ಸಣ್ಣದಾಗಿರುವ ಸದ್ದನ್ನೆಲ್ಲ ಅದು ಕೊಳೆ ಎಂದು ಒರೆಸಿ ಹಾಕುತ್ತದೆ. ಅಪ್ಪನ ಇಡೀ ಜೀವಮಾನ ಆ ಮಟ್ಟಕ್ಕಿಂತ ಸಣ್ಣದಾಗಿತ್ತು.

"ಮೊದಲು ನನ್ನದೊಂದು ಹಳೇ ಹಾಡಿನ ಫೈಲ್ ಅದರಲ್ಲಿ ಹಾಕಿ ಕೇಳಿ ನೋಡಿದೆ ಅಕ್ಕ. ಮೊದಲಿಗಿಂತ ಚೆನ್ನಾಗಿತ್ತು, ಗೊರಗೊರ ಎಲ್ಲಾ ಹೋಗಿತ್ತು. ಅಪ್ಪಂಗೆ ಮೌನ ಇಷ್ಟ ಅಲ್ವಾ, ಇನ್ನೂ ಶುದ್ಧವಾದ ಮೌನ ಸಿಗುತ್ತೆ ಅಂದ್ಕೊಂಡೆ."

ಶುದ್ಧವಾದ ಮೌನ. ಇವನು ಅದೇ ಮನೆಯಲ್ಲಿ ಬೆಳೆದವನು. ಅಪ್ಪ ಹೇಳಿದ 'ಸುಮ್ನಿರಿ' ಮಾತ್ರ ಇವನ ಕಿವಿಗೆ ಬಿದ್ದಿತ್ತು. ಯಾಕೆ ಸುಮ್ಮನಿರಬೇಕು ಎಂದು ಒಂದು ದಿನವೂ ಕೇಳಿರಲಿಲ್ಲ. ಸೊನ್ನೆ ತುಂಬಿದ ಫೈಲ್ ಒತ್ತಿದರೆ ಅದಕ್ಕೆ ಜಾಗವೇ ಬೇಕಿಲ್ಲ. ನಾಲ್ಕು ಡಿಸ್ಕ್ ತುಂಬಿದ್ದದ್ದು ಒಂದರ ಮೂಲೆಗೆ ಬಂದು ಕೂತಾಗ ಇವನು ಹಿಗ್ಗಿ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದನಂತೆ. ಎಲ್ಲಿ ಹೋಯಿತು ಅಷ್ಟೊಂದು ಎಂದು ತಲೆಗೆ ಹೊಳೆಯಲಿಲ್ಲ. ಕಡಿಮೆಯಾಯಿತು ಎಂದರೆ ಸಾಕು, ಇವನಿಗೆ ಅದು ಒಳ್ಳೆಯದೇ.

"ಹಳೇ ಡಿಸ್ಕ್ ಎಲ್ಲಿ?"

ಅವನ ಹೆಂಡತಿ ಹೇಳಿದಳು. "ನಿಧಾನಕ್ಕೆ ತಿರುಗೋ ಎರಡನ್ನ ಹೊಸ ಪೆಟ್ಟಿಗೆಗೇ ಹಾಕಿದ್ರು. ಹಾಕೋ ಮೊದಲು ಪೂರ್ತಿ ಒರೆಸಿ ಪರೀಕ್ಷೆ ಮಾಡಿದ್ರು. ಇನ್ನೆರಡಕ್ಕೆ ಡ್ರಿಲ್ಲಲ್ಲಿ ತೂತು ಹಾಕಿ ಗುಜರಿಗೆ ಕೊಟ್ರು. ಆಫೀಸಲ್ಲಿ ಹಾಗೇ ಮಾಡೋದಂತೆ."

"ನಾನು ಮುಟ್ಟಬೇಡ ಅಂದಿದ್ದೆ."

"ಹಳೇ ಮಷೀನು ಸುಮ್ನೆ ಕರೆಂಟು ತಿಂತಾ ಇತ್ತು ಅಕ್ಕ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಇಷ್ಟಕ್ಕೇ ನಿಂತಿದ್ದರೆ ನಾನು ಕೂಗಾಡಿ, ವರ್ಷವೊಂದು ಮಾತು ಬಿಟ್ಟು, ಕೊನೆಗೆ ಯಾರದೋ ಮದುವೆಯಲ್ಲಿ ಮತ್ತೆ ಮಾತಾಡಿಸುತ್ತಿದ್ದೆ. ದಡ್ಡತನಕ್ಕೆ ಅಷ್ಟು ಶಿಕ್ಷೆ ಸಾಕು.

"ಅಪ್ಪ ಕಿವಿ ಹೋಯ್ತು ಅಂದಾಗ ನಿನಗೆ ಇದು ಗೊತ್ತಿರಲಿಲ್ಲ ತಾನೇ?" ಎಂದು ಕೇಳಿದೆ. ಇಲ್ಲ ಎನ್ನಲಿ ಎಂದೇ ಕೇಳಿದೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. "ಅವತ್ತು ಸಂಜೆನೇ ಗೊತ್ತಾಯ್ತು ಇವರಿಗೆ" ಎಂದಳು ಅವಳು. "ಮಾವನವರು ಹೆಡ್‌ಫೋನ್ ತೆಗೆದಿಟ್ಟು ಎದ್ದು ಹೋದ್ಮೇಲೆ ಇವರು ಹಾಕಿಕೊಂಡು ನೋಡಿದ್ರು. ನಾನು ಹೇಳಿಬಿಡಿ ಅಂದೆ."

ಅಂದರೆ ನನಗೆ ಬೆಟ್ಟಕ್ಕೆ ಫೋನು ಮಾಡಿದಾಗ ಗೊತ್ತಿತ್ತು. ಡಾಕ್ಟರಲ್ಲಿಗೆ ಹೋಗದೆ ಅಪ್ಪ ಕೂತಾಗ ಗೊತ್ತಿತ್ತು. ಶಾಲೆಯವರು ಮೈಕ್ ಒಯ್ಯಲು ಬಂದಾಗಲೂ ಗೊತ್ತಿತ್ತು.

"ಆ ಮೈಕ್‌ಗಳನ್ನ ಕಪಾಟಿಂದ ತೆಗೆದು ತುಂಬಿಕೊಟ್ಟಿದ್ದು ಯಾರು?"

"ನಾನೇ" ಎಂದ ತಮ್ಮ. ಆಮೇಲೆ ನನ್ನ ಕೈ ಹಿಡಿಯಲು ಬಂದ. "ಅಕ್ಕ, ಒಂದು ಮಾತು ಕೇಳು. ಹೇಗಿದ್ರೂ ಇನ್ನೊಂದು ಸ್ವಲ್ಪ ದಿನಕ್ಕೆ ಕಿವಿ ಹೋಗೋದೇ ಅಲ್ವಾ? ಡಾಕ್ಟರೇ ಹೇಳಿದಾರೆ. ಕಿವಿ ಹೋಯ್ತು ಅಂತ ಅಪ್ಪ ಒಪ್ಪಿಕೊಂಡುಬಿಟ್ಟಿದಾರೆ. ಈಗ ಹೋಗಿದ್ದು ಕಿವಿ ಅಲ್ಲ, ರೆಕಾರ್ಡಿಂಗ್ ಅಂತ ಹೇಳಿದ್ರೆ ಎದೆ ಒಡೆದುಕೊಳ್ತಾರೆ. ಹೀಗೇ ಬಿಟ್ಟುಬಿಡೋಣ. ಅವರ ಒಳ್ಳೇದಕ್ಕೇ ಹೇಳ್ತಿದೀನಿ."

ಅವರ ಒಳ್ಳೆಯದಕ್ಕೆ. ಅಪ್ಪನ ಕಿವಿಯನ್ನೂ ಇವನು ಸುಮ್ಮನೆ ಉರಿಯುತ್ತಿರುವ ಲೈಟು ಎಂದುಕೊಂಡಿದ್ದ. ನಾಳೆ ಆರುವುದನ್ನು ಇವತ್ತೇ ಆರಿಸಿದರೆ ಏನಂತೆ. ನಾನು ಅವನಿಗೆ ಹೊಡೆಯಲಿಲ್ಲ. ನಲವತ್ತು ದಾಟಿದ ತಮ್ಮನಿಗೆ ಅವನ ಹೆಂಡತಿಯ ಮುಂದೆ ಹೊಡೆಯಬಾರದು ಎಂಬ ಒಂದೇ ಕಾರಣಕ್ಕೆ ಹೊಡೆಯಲಿಲ್ಲ. "ಒಳಗೆ ಬಾ" ಎಂದೆ. ಅವನು ಅಲ್ಲೇ ನಿಂತ. "ಬರ್ತೀಯೋ, ಕತ್ತು ಹಿಡಿದು ಎಳ್ಕೊಂಡು ಹೋಗ್ಲೋ" ಎಂದೆ. ಬಂದ.

ಅಪ್ಪನಿಗೆ ಬಾಯಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಚೀಲದಿಂದ ನನ್ನ ರೆಕಾರ್ಡರ್ ತೆಗೆದು, ಮೈಕ್ ಸಿಕ್ಕಿಸಿ, ಮೇಜಿನ ಮೇಲಿಟ್ಟೆ. ಹೆಡ್‌ಫೋನಿನ ವೈರನ್ನು ಅದಕ್ಕೆ ಜೋಡಿಸಿ ಅಪ್ಪನ ತಲೆಗೆ ತೊಡಿಸಲು ಹೋದೆ. ಅವರು ನನ್ನ ಕೈ ಸರಿಸಿದರು. "ಬೇಡ ಕಣಮ್ಮ, ಮತ್ತೆ ಮತ್ತೆ ಯಾಕೆ" ಎಂದರು. ನಾನು ಬಿಡಲಿಲ್ಲ. ತೊಡಿಸಿ, ನಿಧಾನವಾಗಿ ಗುಂಡಿ ತಿರುಗಿಸಿದೆ.

ಅಪ್ಪನ ಮುಖ ಬದಲಾಯಿತು. ಮೊದಲು ನನ್ನನ್ನು ನೋಡಿದರು, ಆಮೇಲೆ ಮೈಕನ್ನು. ಕೈ ತಾನಾಗಿ ಮೇಲೆದ್ದಿತು. ನಾವೆಲ್ಲ ನಿಂತಲ್ಲೇ ನಿಂತೆವು.

"ಫ್ರಿಜ್ಜು" ಎಂದರು. "ಮೇಲಿನ ಮನೇಲಿ ಯಾರೋ ಕುರ್ಚಿ ಎಳೆದ್ರು. ನಲ್ಲಿ ಸರಿಯಾಗಿ ಮುಚ್ಚಿಲ್ಲ." ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, "ಬಾಗಿಲ ಹತ್ರ ಯಾರೋ ಮೂಗಲ್ಲಿ ಉಸಿರಾಡ್ತಿದಾರೆ" ಎಂದರು. ಬಾಗಿಲ ಹತ್ತಿರ ಇದ್ದವನು ನನ್ನ ತಮ್ಮ.

ಅಪ್ಪನ ಕಣ್ಣಲ್ಲಿ ನೀರು ತುಂಬಿತು. ಖುಷಿಯೆಂದರೆ ಖುಷಿಯೇ. ಒಂದು ನಿಮಿಷ ಅವರನ್ನು ಹಾಗೇ ಬಿಟ್ಟೆ. ಆಮೇಲೆ ಲ್ಯಾಪ್‌ಟಾಪ್ ತಿರುಗಿಸಿ ಶಾಲೆಯ ಕೋಣೆಯ ಫೈಲ್ ಹಚ್ಚಿ, ಅಲುಗದ ಮೀಟರನ್ನು ಬೆರಳಿನಿಂದ ತೋರಿಸಿದೆ. ಇನ್ನೊಂದು ಫೈಲ್, ಮತ್ತೊಂದು ಫೈಲ್. ವಿವರಿಸಬೇಕಾಗಲಿಲ್ಲ. ಜೀವಮಾನವಿಡೀ ಮೀಟರ್ ನೋಡಿದವರು ಅವರು.

"ಇದು ಸೊನ್ನೆ" ಎಂದರು. "ಇಂಥ ಕೋಣೆ ಎಲ್ಲೂ ಇರಲ್ಲ." ಆಮೇಲೆ ಬಹಳ ಹೊತ್ತು ಪರದೆಯ ಮೇಲೆ ಫೈಲ್‌ಗಳ ಹೆಸರುಗಳನ್ನು ಒಂದೊಂದಾಗಿ ಓದುತ್ತ ಕೂತರು. "ಎಲ್ಲಾನೂ?" ಎಂದು ಕೇಳಿದರು. ಮೈಕಿನ ಹತ್ತಿರ ಬಾಗಿ, "ಎಲ್ಲಾನೂ ಅಪ್ಪ" ಎಂದೆ.

ಅವರು ತಲೆಯಾಡಿಸಿದರು. ಅಳಲಿಲ್ಲ. ಎದೆ ಒಡೆದುಕೊಳ್ಳಲೂ ಇಲ್ಲ. "ಸರಿ, ನಾನಂತೂ ಅಲ್ಲೆಲ್ಲಾ ಇದ್ದೆನಲ್ಲ" ಎಂದಷ್ಟೇ ಹೇಳಿದರು. ತಮ್ಮ ಇದನ್ನು ಕ್ಷಮೆ ಎಂದುಕೊಂಡ. ಬಾಗಿಲಿನಿಂದ ಬಂದು ಅಪ್ಪನ ಎದುರು ಮಂಚದ ಅಂಚಿನಲ್ಲಿ ಕೂತು, "ತಪ್ಪಾಯ್ತು ಅಪ್ಪ, ಗೊತ್ತಾಗದೆ ಆಗೋಯ್ತು" ಎಂದ.

"ಯಾವತ್ತು ಗೊತ್ತಾಯ್ತು ನಿನಗೆ?" ಎಂದು ಅಪ್ಪ ಕೇಳಿದರು.

ತಮ್ಮ ನನ್ನ ಕಡೆ ನೋಡಿದ. ನಾನು ಮೈಕನ್ನು ಅವನ ಬಾಯಿಯ ಹತ್ತಿರಕ್ಕೆ ಸರಿಸಿದೆ.

"ಅವತ್ತೇ" ಎಂದ. "ಅವತ್ತೇ ಸಂಜೆ."

ಅಪ್ಪ ಖಾಲಿ ಕಪಾಟನ್ನು ನೋಡಿದರು. ತಮ್ಮ ಏನೇನೋ ಹೇಳತೊಡಗಿದ. ನಿಮ್ಮ ಮನಸ್ಸಿಗೆ ನೋವಾಗಬಾರದು ಅಂತ, ಡಾಕ್ಟರು ಹೇಳಿದ್ದಕ್ಕೆ, ಹೇಗಾದರೂ ಸರಿ ಮಾಡೋಣ ಅಂತ. ಪ್ರತಿಯೊಂದು ಮಾತೂ ಹೆಡ್‌ಫೋನಿನ ಮೂಲಕ ಅಪ್ಪನ ಕಿವಿಯ ಒಳಗೇ ಹೋಗುತ್ತಿತ್ತು. ಅಪ್ಪ ಕಪಾಟಿನಿಂದ ಕಣ್ಣು ತೆಗೆಯದಿದ್ದಾಗ ಅವನು ಅಭ್ಯಾಸದಂತೆ ದನಿ ಏರಿಸಿದ, ಕಿವುಡರಿಗೆ ಹೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ.

ಅಪ್ಪ ಅವನ ಕಡೆ ತಿರುಗಲಿಲ್ಲ. ನನ್ನನ್ನು ನೋಡಿದರು.

"ಅವನಿಗೆ ಹೇಳು" ಎಂದರು, "ನನಗೆ ಕಿವಿ ಕೇಳುತ್ತೆ ಅಂತ."

ಅಪ್ಪನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದ ತಮ್ಮನಿಗೆ ನಾನು ಹಾಗೆಯೇ ಹೇಳಿದೆ.